ಮನೆಯ ಗೋಡೆಗೊಂದು ಪ್ರಥಮೋಪಚಾರದ ಹಾಳೆ

ತುಂಗಭದ್ರೆಯ ಕಾಲುವೆಯ ನೀರು ಕುರುಗೋಡಿನ ಸುತ್ತಣ ಎರೆಭೂಮಿಗೆ ಹರಿದು ಬಂದ ಮೇಲೆ ಭತ್ತ ಬಂದಿತು. ಭತ್ತದ ಬೆನ್ನಿಗೆ ಇಲಿ, ಇಲಿಯ ಬೆನ್ನಿಗೆ ಹಾವು. ಮೆಣಸಿನಕಾಯಿ, ಹತ್ತಿಗಳ ಜೊತೆಯಲ್ಲಿ ಕೀಟನಾಶಕದ ಡಬ್ಬಿಗಳು ಮನೆಯ ಮೂಲೆಯನ್ನು ಸೇರಿದವು. ಬೇಸಗೆಯ ಬಿಸಿಲಂತೂ 40 ಡಿಗ್ರಿಯನ್ನು ಮೀರುವುದು ಇಲ್ಲಿ ಹೊಸತಲ್ಲ. ಹೊಲದಲ್ಲಿ ಅಪಘಾತವಾದ ಗಳಿಗೆಗೂ ಬಳ್ಳಾರಿಯ ದೊಡ್ಡ ಆಸ್ಪತ್ರೆಯ ಬಾಗಿಲಿಗೂ ನಡುವಣ ಅವಧಿಯಲ್ಲಿಯೇ ಎಷ್ಟೋ ಜೀವಗಳ ನಿರ್ಣಯವಾಗುತ್ತದೆ. 2008ರ ನವೆಂಬರಿನಲ್ಲಿ ಕರ್ನಾಟಕದಲ್ಲಿ ಆರಂಭವಾದ 108 ವಾಹನವು ಈ ಅವಧಿಯನ್ನು ಕಡಮೆ ಮಾಡಿತು, ಇಲ್ಲವಾಗಿಸಲಿಲ್ಲ. ವಾಹನ ಬರುವವರೆಗಿನ ನಿಮಿಷಗಳು ಮನೆಯವರ ಪಾಲಿನವು.

ಆ ನಿಮಿಷಗಳಿಗಾಗಿ ಸೂಚನೆಗಳನ್ನು ಬರೆದಿಡುವ ಅಭ್ಯಾಸ ಹಲವು ಮನೆಗಳಲ್ಲಿ ಉಂಟು. ಪತ್ರಿಕೆಯಿಂದ ಕತ್ತರಿಸಿದ ಚೂರುಗಳು, ಪಂಚಾಂಗದ ಹಿಂಬದಿಯ ಟಿಪ್ಪಣಿ, ಮಕ್ಕಳ ಹಳೆಯ ಪಠ್ಯಪುಸ್ತಕ, ಇವೆಲ್ಲವೂ ಟ್ರಂಕಿನ ತಳದಲ್ಲಿ ಇರುತ್ತವೆ. ಕೊರತೆ ಇರುವುದು ಸಾಮಗ್ರಿಯಲ್ಲಲ್ಲ, ಜೋಡಣೆಯಲ್ಲಿ. ಅಕಾರಾದಿಯಾಗಿ ಜೋಡಿಸಿದರೆ ಅಂದವಾಗಿ ಕಾಣುವುದು ನಿಜ. ಆದರೆ ಗಾಬರಿಗೊಂಡ ತಾಯಿಯು ‘ವಿಷ’ ಎಂದು ಹುಡುಕಬೇಕೋ ‘ಕೀಟನಾಶಕ’ ಎಂದು ಹುಡುಕಬೇಕೋ ಎಂಬುದನ್ನು ಹಾಳೆಯು ಆಕೆಗೆ ಬಿಡಬಾರದು.

ಆದುದರಿಂದ ತಲೆಬರಹಗಳು ರೋಗದ ಹೆಸರಾಗಿರದೆ ಕಣ್ಣಿಗೆ ಕಾಣುವ ಲಕ್ಷಣವಾಗಿರತಕ್ಕದ್ದು. ಕಟ್ಟುಹಾವಿನ ಕಡಿತವೇ ಇದಕ್ಕೆ ಉತ್ತಮ ನಿದರ್ಶನ. ನೆಲದ ಮೇಲೆ ಮಲಗಿದವರನ್ನು ಅದು ಇರುಳಿನಲ್ಲಿ ಕಚ್ಚುತ್ತದೆ; ನೋವಾಗಲಿ ಊತವಾಗಲಿ ಕಾಣದಿರಬಹುದು. ಬೆಳಗಿನ ಜಾವ ಮಗು ಹೊಟ್ಟೆನೋವೆಂದು ಏಳುತ್ತದೆ, ಬಳಿಕ ರೆಪ್ಪೆಗಳು ಇಳಿಬೀಳುತ್ತವೆ. ಹಾವನ್ನೇ ಕಾಣದವರು ‘ಹಾವು ಕಡಿತ’ ಎಂಬ ಪುಟವನ್ನು ತೆರೆಯುವುದಾದರೂ ಏಕೆ? ‘ರೆಪ್ಪೆ ಇಳಿಬಿದ್ದಿದೆ, ನುಂಗಲಾಗದು, ಮಾತು ತೊದಲುತ್ತಿದೆ’ ಎಂಬ ತಲೆಬರಹವಿದ್ದರೆ ಕೆಳಗೆ ‘ಕೂಡಲೇ ಆಸ್ಪತ್ರೆಗೆ’ ಎಂದು ಬರೆಯಬಹುದು.

ಇನ್ನು ಅನುಕ್ರಮ. ಉಸಿರು ನಿಂತಿರುವುದು, ಗಂಟಲಲ್ಲಿ ತುತ್ತು ಸಿಕ್ಕಿರುವುದು, ರಕ್ತ ಚಿಮ್ಮುತ್ತಿರುವುದು, ಇವು ಒಂದು ನಿಮಿಷವೂ ಕಾಯವು. ಮೊದಲ ಸ್ಥಾನ ಇವಕ್ಕೆ. ವಿಷಪ್ರಾಶನ, ಹಾವು, ವಿದ್ಯುದಾಘಾತ, ಬಿಸಿಲ ಹೊಡೆತ ಅನಂತರ. ನಾಯಿ ಕಡಿತ, ವಾಂತಿಭೇದಿ, ಸಣ್ಣ ಸುಟ್ಟಗಾಯ ಕೊನೆಗೆ. ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವ ಕ್ರಮವನ್ನು ಮಾತ್ರ ಓದಿ ಕಲಿಯುವುದು ಕಷ್ಟ. ಬೊಂಬೆಯ ಮೇಲೆ ಕೈಯಿಟ್ಟು ಅಭ್ಯಾಸ ಮಾಡಿಸುವುದು ಶಾಲೆಗಳಿಗೆ ಸಲ್ಲುವ ಕೆಲಸ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಹಳೆಯ ಪಾಠದ ಪ್ರಶ್ನೆ. ಹಾವು ಕಚ್ಚಿದರೆ ಮೇಲುಗಡೆ ಬಿಗಿಯಾಗಿ ಕಟ್ಟಿ, ಗಾಯವನ್ನು ಕೊಯ್ದು, ಪೊಟ್ಯಾಸಿಯಂ ಪರ್ಮಾಂಗನೇಟು ಹಾಕಬೇಕೆಂದು ಹಿಂದಿನ ಪುಸ್ತಕಗಳು ಹೇಳಿದ್ದವು. ಅಂದಿನ ವಿದ್ಯಾರ್ಥಿಗಳು ಇಂದು ಮನೆಯ ಹಿರಿಯರು. ಅವರ ಮಾತೇ ಮನೆಯಲ್ಲಿ ನಡೆಯುತ್ತದೆ. ಈ ಮೂರನ್ನೂ ವೈದ್ಯಶಾಸ್ತ್ರವು ಕೈಬಿಟ್ಟಿದೆ. ಬಿಗಿದ ಹಗ್ಗದಿಂದ ಅಂಗವೇ ಕೊಳೆಯಬಹುದು. ಕಚ್ಚಿಸಿಕೊಂಡವರನ್ನು ಮಲಗಿಸಿ, ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ಉಂಗುರ ಬಳೆಗಳನ್ನು ತೆಗೆದು, ಕಚ್ಚಿದ ವೇಳೆಯನ್ನು ಗುರುತುಹಾಕಿಕೊಂಡು ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯುವುದೇ ಕ್ರಮ. ಈಗಾಗಲೇ ಯಾರಾದರೂ ಬಿಗಿದಿದ್ದರೆ ಅದನ್ನು ವೈದ್ಯರ ಎದುರಿನಲ್ಲಿಯೇ ಬಿಚ್ಚತಕ್ಕದ್ದು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ. ಮಂತ್ರ, ಬೇರುಗಳಿಗೆ ಕಳೆದ ವೇಳೆಯನ್ನು ಯಾವ ಔಷಧವೂ ಹಿಂದಿರುಗಿಸದು.

ಕೀಟನಾಶಕದ ಸಂಗತಿಯೂ ಅಂತಹುದೇ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ಇಂದು ನಿಷಿದ್ಧ. ವಾಂತಿಯು ಶ್ವಾಸಕೋಶಕ್ಕೆ ಇಳಿದರೆ ಎರಡು ಅಪಾಯವಾದಂತೆ. ನೆನೆದ ಬಟ್ಟೆಯನ್ನು ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, ಡಬ್ಬಿಯನ್ನು ಚೀಟಿಸಹಿತ ವೈದ್ಯರಲ್ಲಿಗೆ ಒಯ್ಯಬೇಕು. ತೊಳೆಯುವವರ ಕೈಗೂ ರಕ್ಷಣೆ ಇರಲಿ. ಸುಟ್ಟಗಾಯಕ್ಕೆ ಶಾಯಿಯೂ ಬೇಡ, ಬೆಣ್ಣೆಯೂ ಬೇಡ, 20 ನಿಮಿಷ ಹರಿಯುವ ತಣ್ಣೀರು ಸಾಕು. ನಾಯಿ ಕಚ್ಚಿದ ಜಾಗವನ್ನು ಸಾಬೂನು ಹಾಕಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆ. ವಾಂತಿಭೇದಿಗೆ ಪೊಟ್ಟಣ ದೊರೆಯದಿದ್ದಲ್ಲಿ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಚಹಾಚಮಚದ ಅಳತೆಯಲ್ಲಿ 6 ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಕೇಡು. ಈ ಅಳತೆಯನ್ನು ದಪ್ಪಕ್ಷರದಲ್ಲಿ ಬರೆಯುವುದು ಲೇಸು.

ಪ್ರತಿಯೊಂದು ಲಕ್ಷಣಕ್ಕೂ ಎರಡು ಅಂಕಣಗಳಿರಲಿ, ಮಾಡತಕ್ಕದ್ದು ಹಾಗೂ ಮಾಡಬಾರದ್ದು. ಎರಡನೆಯದನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು, ಏಕೆಂದರೆ ಸುತ್ತ ನೆರೆದ ಹತ್ತು ಮಂದಿ ಹತ್ತು ಉಪಾಯ ಹೇಳುವರು. ಬರಹಕ್ಕಿರುವ ಅಧಿಕಾರ ಆಗ ಕಿರಿಯ ಸೊಸೆಯ ಮಾತಿಗೆ ಇರದು. ಓದುಬಾರದ ಹಿರಿಯರಿದ್ದಲ್ಲಿ ಚಿತ್ರಗಳು ಬೇಕು. ಮೇಲ್ತುದಿಯಲ್ಲಿ 108, 112, ಸಮೀಪದ ಆಸ್ಪತ್ರೆಯ ಸಂಖ್ಯೆ, ಇರುಳಿನಲ್ಲಿಯೂ ದೊರೆಯುವ ವಾಹನದವರ ಸಂಖ್ಯೆ. ಕೆಳಗೆ ಮನೆಯವರ ಔಷಧಗಳು, ಒಗ್ಗದ ಮದ್ದುಗಳು. ಬೀರುವಿನೊಳಗಲ್ಲ, ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ, ಹತ್ತು ವರ್ಷದ ಬಾಲಕನ ಕಣ್ಣಿನೆತ್ತರದಲ್ಲಿ ತೂಗುಹಾಕಬೇಕು. ಹಗಲು ದೊಡ್ಡವರೆಲ್ಲ ಹೊಲದಲ್ಲಿರುವರು.

ಹಾಳೆಯ ಮೂಲೆಯಲ್ಲಿ ಬರೆದ ವರ್ಷ ಅವಶ್ಯವಾಗಿ ಇರಲಿ. ದೊಡ್ಡಬಸವೇಶ್ವರನ ತೇರಿಗೆ ಮುಂಚೆ ಗೋಡೆಗೆ ಸುಣ್ಣ ಬಳಿಯುವಾಗ ಹೇಗೂ ಅದನ್ನು ಇಳಿಸಬೇಕಾಗುತ್ತದೆ. ಆಗಲೇ ಆರೋಗ್ಯ ಕೇಂದ್ರದವರಿಗೆ ತೋರಿಸಿ, ತಪ್ಪಾದುದನ್ನು ಹೊಡೆದುಹಾಕಿ, ಬದಲಾದ ಸಂಖ್ಯೆಗಳನ್ನು ತಿದ್ದಿ, ಹೊಸ ವರ್ಷವನ್ನು ನಮೂದಿಸಿ ಮತ್ತೆ ಅದೇ ಮೊಳೆಗೆ ತೂಗುಹಾಕಬಹುದು.