ಪಿಯು ಅಂಕಕ್ಕೆ ಬೆಲೆಯೇ ಇಲ್ಲವೇ?

ಅಮ್ಮಾ, ‘ಪಿಯುಸಿ ಪಾಸಾದರೆ ಸಾಕು, ಸಿಇಟಿಯೇ ಎಲ್ಲ’ ಎಂದು ಕೋಚಿಂಗ್‌ನವರು ಹೇಳಿದ ಮಾತನ್ನು ಮೊದಲು ಮಗಳ ತಲೆಯಿಂದ ತೆಗೆಯಿರಿ. ನಮ್ಮಲ್ಲಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ.

ಲೆಕ್ಕ ಹಾಕಿ ನೋಡಿ. ಅವಳಿಗೆ ಆ ಮೂರರಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂತೆನ್ನಿ. 45 ಮತ್ತು 25, ಒಟ್ಟು 70. ಸಿಇಟಿಯಲ್ಲಿ 108 ತೆಗೆದರೂ ಪಿಯುವಿನಲ್ಲಿ 210ಕ್ಕೇ ನಿಂತ ಗೆಳತಿಗೆ 65. ಈ ಐದು ಅಂಕದ ಅಂತರದಲ್ಲಿ ಸಾವಿರಾರು ಮಕ್ಕಳಿರುತ್ತಾರೆ. ಕಾಲೇಜಿನ ಪಾಠ ಬಿಡಿಸಿ ದಿನವಿಡೀ ಎಂಸಿಕ್ಯೂ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಕನ್ನಡ, ಇಂಗ್ಲಿಷ್ ಅಂಕ ರ‍್ಯಾಂಕ್‌ಗೆ ಸೇರುವುದಿಲ್ಲ, ಆದರೆ ಪಾಸಾಗಲೇಬೇಕು. ವೈದ್ಯಕೀಯದ ದಾರಿ ಬೇರೆ: ಅಲ್ಲಿ ರ‍್ಯಾಂಕ್ ನೀಟ್‌ನಿಂದಲೇ, ಪಿಯು ಅಂಕ ಅರ್ಹತೆಗೆ ಮಾತ್ರ.

ಮಾರ್ಚ್ ಪರೀಕ್ಷೆ ಕೈಕೊಟ್ಟರೂ ಹೆದರಬೇಡಿ. ಪರೀಕ್ಷೆ-2 ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಸದ್ಯಕ್ಕೆ ಸಂಜೆಯ ಕೋಚಿಂಗ್ ಇರಲಿ, ಬೆಳಗಿನ ತರಗತಿ ಮಾತ್ರ ತಪ್ಪಿಸಬೇಡಿ.