ಗಾಡಿಗೆ ಹೊದಿಕೆ: ಹಾಕಬೇಕೇ, ಬಿಡಬೇಕೇ?

ಸಂಜೆ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ಈಚೆಗೆ ಒಂದು ಚರ್ಚೆ ನಡೆದಿದೆ. ರಾತ್ರಿ ಬಯಲಿನಲ್ಲಿ ನಿಲ್ಲಿಸುವಾಗ, ಅಥವಾ ರಜೆಯ ಮೇಲೆ ಊರಿಗೆ ಹೋಗುವಾಗ, ಗಾಡಿಗೆ ಹೊದಿಕೆ ಹಾಕುವುದು ಲಾಭವೋ ನಷ್ಟವೋ ಎಂಬುದೇ ಆ ಚರ್ಚೆ. ನಮ್ಮವರಲ್ಲಿ ಕಾರುಳ್ಳವರು ಬೆರಳೆಣಿಕೆಯಷ್ಟು; ಉಳಿದವರದು ಸ್ಕೂಟರು, ಮೋಟಾರು ಸೈಕಲು, ಬರೀ ಸೈಕಲು. ಒಬ್ಬಿಬ್ಬರು ಕಂತಿನ ಮೇಲೆ ಟೋಟೋ ಕೊಂಡು ಜೋಕಾದ ಒಳದಾರಿಗಳಲ್ಲಿ ಓಡಿಸುತ್ತಾರೆ. ಕಾರಿನ ಒಡೆಯನಿಗೆ ಬಣ್ಣ ಹೋದರೆ ಅಂದ ಹೋಯಿತು, ಅಷ್ಟೆ. ಟೋಟೋದವನಿಗೆ ಗಾಡಿ ನಿಂತರೆ ಅಂದಿನ ಸಂಪಾದನೆಯೇ ಹೋಯಿತು. ಆದುದರಿಂದ ಈ ವಿಷಯವನ್ನು ಕೊಂಚ ವಿಚಾರ ಮಾಡುವುದು ಯುಕ್ತವೆಂದು ತೋರಿತು.

ಮೊದಲು ನಮ್ಮದೇ ಮೂರ್ಖತನವನ್ನು ಹೇಳಿಬಿಡುತ್ತೇವೆ. ಒಂದು ಆಷಾಢದಲ್ಲಿ ಊರಿಗೆ ಹೊರಟಾಗ, ಮಳೆ ಹೊಳವಾದ ಒಂದು ಗಳಿಗೆ ನೋಡಿ ಸ್ಕೂಟರನ್ನು ತೊಳೆದೆವು. ಒರೆಸಿದ್ದೂ ಅವಸರದಲ್ಲಿ. ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ನೆಲ ಮುಟ್ಟುವಂತೆ ಇಳಿಬಿಟ್ಟು, ಹಗ್ಗದಿಂದ ಬಿಗಿದು, ನಿಶ್ಚಿಂತೆಯಿಂದ ಹೌರಾದಲ್ಲಿ ರೈಲು ಹತ್ತಿದೆವು. ಐದು ವಾರ ಕಳೆದು ಬಂದು ಬಿಚ್ಚಿದರೆ, ಪಾಳುಬಾವಿಯ ವಾಸನೆ! ಸೀಟಿನ ಮೇಲೆ ಬೂಷ್ಟು, ಸ್ಕ್ರೂಗಳ ತಲೆಯ ಮೇಲೆಲ್ಲ ತುಕ್ಕು, ಒಳಗೆ ಇಲಿಯೊಂದು ಸಂಸಾರ ಹೂಡಿ ವೈರುಗಳನ್ನು ಕಡಿದಿತ್ತು. ಪಕ್ಕದ ಮನೆಯವರ ಸ್ಕೂಟರೂ ನಮ್ಮದರ ವಯಸ್ಸಿನದೇ. ಅದು ಯಾವ ಹೊದಿಕೆಯೂ ಇಲ್ಲದೆ ಒಂದು ತಗಡಿನ ಮಾಡಿನ ಕೆಳಗೆ ನಿಂತಿತ್ತು. ದೂಳು ಕೂತಿತ್ತೇ ಹೊರತು ಬೇರೆ ಬಾಧೆಯಿಲ್ಲ. ರಿಪೇರಿಯ ಮಿಸ್ತ್ರಿ ನಮ್ಮ ಗಾಡಿಯನ್ನು ಸುತ್ತು ಹಾಕಿ ನೋಡಿ, "ದಾದಾ, ಇದನ್ನೇನು ಇಡ್ಲಿ ಪಾತ್ರೆಯಲ್ಲಿಟ್ಟು ಹೋಗಿದ್ದಿರಾ?" ಎಂದು ಕೇಳಿದನು. ದಕ್ಷಿಣದವರಿಗೆ ಹೇಳಬೇಕಾದ ಮಾತನ್ನು ದಕ್ಷಿಣದವರಿಗೆ ತಿಳಿಯುವಂತೆಯೇ ಹೇಳಿದನೆನ್ನಬೇಕು.

ಅವನ ಮಾತಿನಲ್ಲಿ ಶಾಸ್ತ್ರವೂ ಇದೆ. ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ನೀರೆಂದರೆ ಮಳೆಯೇ ಆಗಬೇಕಿಲ್ಲ. ಗಾಳಿಯ ತೇವವೂ ಸಾಕು. ಇಂಗ್ಲೆಂಡಿನ ವರ್ನನ್ ಎಂಬ ವಿಜ್ಞಾನಿ 1920 ಮತ್ತು 1930ರ ದಶಕಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದನು. ಗಾಳಿಯಲ್ಲಿ ಗಂಧಕದ ಹೊಗೆ ಕೊಂಚ ಬೆರೆತಿದ್ದು, ತೇವಾಂಶವು ನೂರಕ್ಕೆ ಸುಮಾರು 60ನ್ನು ದಾಟಿದ ಕೂಡಲೆ ತುಕ್ಕು ಹಿಡಿಯುವ ವೇಗ ಒಮ್ಮೆಗೇ ಏರುತ್ತದೆಂದು ಕಂಡನು. ಕಲ್ಕತ್ತೆಯ ಮಳೆಗಾಲದ ಗಾಳಿಯಲ್ಲಿ ತೇವಾಂಶ 80ನ್ನೂ ಮೀರುವುದು ಸಾಮಾನ್ಯ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಲ್ಲಿ ಅದರ ಅರ್ಧದಷ್ಟು. ಆದರೂ ಇಲ್ಲಿ ಗಾಡಿಗಳಿಗೆ ತುಕ್ಕು ತಪ್ಪಿದ್ದಲ್ಲವಷ್ಟೆ. ಮಳೆಯ ಅಳತೆಗಿಂತ, ಲೋಹವು ಎಷ್ಟು ಗಂಟೆ ಒದ್ದೆಯಾಗಿರುತ್ತದೆ ಎಂಬುದೇ ಮುಖ್ಯವಾದುದರಿಂದ ಹೀಗೆ.

ವರ್ನನ್ ಮಾಡಿದ ಇನ್ನೊಂದು ಪರೀಕ್ಷೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಕೋಣೆಯೊಳಗೆ ಕಬ್ಬಿಣದ ತುಂಡುಗಳನ್ನಿಟ್ಟು, ಕೆಲವನ್ನು ಹಾಗೆಯೇ ಬಿಟ್ಟು, ಕೆಲವಕ್ಕೆ ತೆಳು ಮಸ್ಲಿನ್ ಬಟ್ಟೆಯ ಪಂಜರ ಕಟ್ಟಿದನು. ಹಾಗೆ ಬಿಟ್ಟವು ತುಕ್ಕು ಹಿಡಿದವು; ಪಂಜರದೊಳಗಿನವು ಬಹುಮಟ್ಟಿಗೆ ಉಳಿದುಕೊಂಡವು. ತೇವದ ಗಾಳಿ ಎರಡಕ್ಕೂ ಒಂದೇ, ಬಟ್ಟೆಯು ತಡೆದದ್ದು ದೂಳನ್ನು ಮಾತ್ರ! ಮಳೆಗಾಲದಲ್ಲಿ ಉಪ್ಪಿನ ಭರಣಿ ಬೆವರುವುದನ್ನು ಎಲ್ಲರೂ ಬಲ್ಲರು. ದೂಳಿನಲ್ಲಿಯೂ ಅಂತಹ ಲವಣದ ಕಣಗಳಿರುತ್ತವೆ. ಅವು ಲೋಹದ ಮೇಲೆ ಕೂತು ಗಾಳಿಯ ನೀರನ್ನು ಎಳೆದುಕೊಳ್ಳುತ್ತವೆ.

ಹೊದಿಕೆಯ ಗುಟ್ಟು ಇಷ್ಟೇ: ದೂಳು ಒಳಗೆ ಹೋಗಬಾರದು, ಗಾಳಿ ಹೋಗಿಬರಬೇಕು. ಪ್ಲಾಸ್ಟಿಕ್ ಹಾಳೆ ದೂಳನ್ನೂ ಮಳೆಯನ್ನೂ ತಡೆಯುತ್ತದೆ, ನಿಜ. ಆದರೆ ನೆಲದಿಂದೇಳುವ ಆವಿಯನ್ನೂ ಒಳಗೇ ಹಿಡಿದಿಟ್ಟು, ರಾತ್ರಿಯ ತಂಪಿಗೆ ಅದನ್ನು ಹನಿಯಾಗಿಸಿ ಗಾಡಿಯ ಮೇಲೆಯೇ ಇಳಿಸುತ್ತದೆ. ನಮ್ಮ ಹಿರಿಯರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಮಲೆನಾಡಿನ ಗದ್ದೆಯಲ್ಲಿ ನಾಟಿಗೆ ನಿಂತವರು ಬೆನ್ನಿಗೆ ಹಾಕಿಕೊಳ್ಳುವ ಗೊರಬು ಕೆಳಗೆ ತೆರೆದೇ ಇರುತ್ತದೆ. ಕರಾವಳಿಯಲ್ಲಿ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. ನಾವು ದಿನವೂ ಲೆಕ್ಕ ಬರೆಯುವ ಗೋಣಿಚೀಲವೂ ಅದೇ ಜಾತಿಯದು. ಆಹಾರಧಾನ್ಯವನ್ನು ಸೆಣಬಿನ ಚೀಲದಲ್ಲಿ ತುಂಬಿಸುವಂತೆ ಕಡ್ಡಾಯ ಮಾಡಲು 1987ರಲ್ಲಿ ಕೇಂದ್ರ ಸರ್ಕಾರ ಕಾಯಿದೆ ತಂದದ್ದು ಬೆಳೆಗಾರರ ಮತ್ತು ಗಿರಣಿ ಕಾರ್ಮಿಕರ ಹಿತಕ್ಕಾಗಿ. ಆದರೆ ಧಾನ್ಯಕ್ಕೆ ಗಾಳಿಯಾಡುವ ಗುಣವೂ ಆ ಚೀಲಕ್ಕಿದೆ. (ಹಾಗೆಂದು ಗೋಣಿಯನ್ನೇ ಗಾಡಿಗೆ ಹೊದಿಸಬೇಡಿ. ಸೆಣಬು ನೀರು ಕುಡಿದರೆ ಬೇಗ ಬಿಡುವುದಿಲ್ಲ.)

ಇನ್ನು ಕಾಲಕ್ಕೆ ತಕ್ಕಂತೆ ನೋಡೋಣ. ಫಾಲ್ಗುಣ, ಚೈತ್ರದಲ್ಲಿ ಬಟ್ಟೆಯ ಹೊದಿಕೆಯಿಂದ ನಿಜವಾದ ಪ್ರಯೋಜನವಿದೆ. ಬಿಸಿಲಿನ ನೇರಳಾತೀತ ಕಿರಣಗಳು ಬಣ್ಣವನ್ನು ಮಂಕು ಮಾಡುತ್ತವೆ, ರಬ್ಬರನ್ನು ಬಿರುಕು ಬಿಡಿಸುತ್ತವೆ. ಕಾಗೆಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಕಾದ ಬಣ್ಣದ ಮೇಲೆ ಬಿದ್ದು ಒಣಗಿದರೆ ಕಲೆ ಮತ್ತೆ ಹೋಗುವುದಿಲ್ಲ. ಅದೇ ಹೊತ್ತಿಗೆ ಕಾಲ್‌ಬೈಶಾಖಿ ಗಾಳಿಯ ಭಯವೂ ಉಂಟು. ಸಡಿಲವಾದ ಹೊದಿಕೆ ಆ ಗಾಳಿಗೆ ಪಟಪಟನೆ ಬಡಿದು, ಒಳಗಿನ ದೂಳಿನಿಂದ ಬಣ್ಣವನ್ನು ಮರಳುಕಾಗದದಂತೆ ಉಜ್ಜಿಬಿಡುತ್ತದೆ. ಆದ್ದರಿಂದ ಒರೆಸಿದ ಗಾಡಿಗೇ ಹೊದಿಸಬೇಕು, ಕೆಳಗೆ ಪಟ್ಟಿ ಕಟ್ಟಬೇಕು. 2020ರ ಮೇ 20ರಂದು ಬಂದ ಅಂಫನ್ ಚಂಡಮಾರುತದಂತಹುದಕ್ಕೆ ಮಾತ್ರ ಯಾವ ಹೊದಿಕೆಯೂ ಉತ್ತರವಲ್ಲ. ಆಗ ಗಾಡಿಯನ್ನು ಮರದ ಕೆಳಗಿನಿಂದ ತೆಗೆಯುವುದೊಂದೇ ದಾರಿ.

ಮಳೆಗಾಲದಲ್ಲಿ ಹೊದಿಕೆಗಿಂತ ಮಾಡು ಮೇಲು. ನಾಲ್ಕು ಕಡೆ ತೆರೆದ ತಗಡು ಸಾಕು. ಮಾಡಿನ ಕೆಳಗೆ ತೆಳು ಬಟ್ಟೆಯ ಹೊದಿಕೆಯೂ ಇದ್ದರೆ ಸರ್ವೋತ್ತಮ. ವರ್ನನನ ಪಂಜರವೇ ಆಯಿತು. ದಿನವೂ ಓಡುವ ಗಾಡಿಗೆ ಹೊದಿಕೆಯ ಚಿಂತೆಯೇ ಬೇಡವೆಂದು ನಮ್ಮ ಅಭಿಪ್ರಾಯ. ಓಡುವ ಗಾಡಿಗೆ ಗಾಳಿಯಾಡುತ್ತದೆ. ಸಂಜೆ ಒಂದು ಒಣಬಟ್ಟೆಯಿಂದ ಒರೆಸಿ, ಸರಪಳಿಗೆ ಆಗಾಗ ಎಣ್ಣೆ ಬಿಟ್ಟರೆ ಮುಗಿಯಿತು. ಹೊದಿಸಲೇಬೇಕೆಂಬವರು ಸೈಲೆನ್ಸರು ಆರುವ ತನಕ ಅರ್ಧ ಗಂಟೆ ಕಾಯಲಿ; ಬಿಸಿಗೆ ತಾಗಿದ ಪ್ಲಾಸ್ಟಿಕ್ ಕರಗಿ ಅಂಟಿಕೊಳ್ಳುತ್ತದೆ.

ತಿಂಗಳುಗಟ್ಟಲೆ ಊರಿಗೆ ಹೋಗುವವರು ಹೊರಡುವ ಹಿಂದಿನ ದಿನವೇ ಗಾಡಿಯನ್ನು ತೊಳೆದು ಪೂರ್ತಿ ಒಣಗಿಸಬೇಕು. ಹಸಿ ಮಣ್ಣಿನ ಮೇಲೆ ನಿಲ್ಲಿಸದೆ ಸಿಮೆಂಟಿನ ಮೇಲೋ ಇಟ್ಟಿಗೆಯ ಹಾಸಿನ ಮೇಲೋ ನಿಲ್ಲಿಸಬೇಕು. ಹೊದಿಕೆಯ ಅಂಚು ನೆಲಕ್ಕಿಂತ ಒಂದು ಗೇಣು ಮೇಲಿರಲಿ. ಸೀಟಿನಡಿ ತಿಂಡಿಯ ಪೊಟ್ಟಣ ಮರೆತಿದ್ದರೆ ಇಲಿಗೆ ಆಮಂತ್ರಣವೇ ಸರಿ. ನಂಬಿಕೆಯ ನೆರೆಯವರಿದ್ದರೆ ಕೀಲಿ ಕೊಟ್ಟು, ಬಿಸಿಲು ಬಂದ ದಿನ ಹೊದಿಕೆ ತೆಗೆದು ಗಾಳಿಗೆ ಬಿಡುವಂತೆ ಕೇಳಿಕೊಳ್ಳಬಹುದು. ಕೇಳಲು ಸಂಕೋಚ ಬೇಡ. ಊರಿನಿಂದ ತಂದ ಒಂದು ಪೊಟ್ಟಣ ಗೋಡಂಬಿಗೆ ಇಲ್ಲಿಯವರು ಎಷ್ಟು ಸಂತೋಷಪಡುತ್ತಾರೆಂಬುದು ನಮ್ಮ ಅನುಭವ.

ನಮ್ಮ ಸ್ಕೂಟರು ಈಗ ಆ ಪಕ್ಕದ ಮನೆಯವರ ತಗಡಿನ ಕೆಳಗೇ ನಿಲ್ಲುತ್ತದೆ. ನೀಲಿ ಹಾಳೆಯನ್ನು ವಾಚನಾಲಯದ ತೆಂಕಣ ಕಿಟಕಿಗೆ ತಟ್ಟಿಯ ಹಾಗೆ ಕಟ್ಟಿದ್ದೇವೆ. ಕೆಳಗೆ ಒಂದು ಮೊಳ ತೆರವು ಬಿಟ್ಟಿದ್ದೇವೆ. ಇರಚಲು ಹೊಡೆಯುವ ದಿನ ಆ ಬದಿಯ ಬೆಂಚಿನಲ್ಲಿ ಕೂರುವವರು ದಯವಿಟ್ಟು ಅದನ್ನು ಎಳೆದು ಮುಚ್ಚಬಾರದಾಗಿ ವಿನಂತಿ.