ನಾಣ್ಯದ ತಪ್ಪು, ನಾಣ್ಯದ ಪೆಟ್ಟು

ಸಂತೆಗೆ ಒಬ್ಬ ಬಂದ. ತರಕಾರಿ ಮಾರುವ ಅಕ್ಕನಿಗೆ ಒಂದು ನಾಣ್ಯ ತೋರಿಸಿದ. ಅದರ ಅಂಚು ಕಚ್ಚಿದ ಹಾಗಿತ್ತು.

"ಅಕ್ಕಾ, ಇದು ಸರ್ಕಾರದ ಕೈತಪ್ಪಿ ಬಂದ ನಾಣ್ಯ. ಲಕ್ಷ ರೂಪಾಯಿ ಬಾಳ್ತದೆ. ನಿಮಗೆ ಐನೂರಕ್ಕೆ ಕೊಡ್ತೀನಿ" ಅಂದ.

"ತಡಿಯಪ್ಪಾ, ಮೊದಲು ನೋಡ್ತೀನಿ" ಅಂದಳು ಅಕ್ಕ.

ಏನು ನೋಡಬೇಕು? ನಾವೂ ಕಲಿಯೋಣ.

ನಾಣ್ಯ ಹೇಗೆ ಆಗುತ್ತದೆ?

ನಾಣ್ಯ ತಯಾರಾಗುವ ಜಾಗ ಟಂಕಸಾಲೆ. ನಮ್ಮ ದೇಶದಲ್ಲಿ ನಾಲ್ಕು ಟಂಕಸಾಲೆ ಇವೆ. ಅವು ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದಲ್ಲಿವೆ. ಅಲ್ಲಿ ಲೋಹದ ತಗಡಿನಿಂದ ದುಂಡನೆಯ ಬಿಲ್ಲೆ ಕತ್ತರಿಸುತ್ತಾರೆ. ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಯಂತ್ರ ಜೋರಾಗಿ ಒತ್ತುತ್ತದೆ. ಎರಡೂ ಕಡೆ ಚಿತ್ರ, ಅಕ್ಷರ ಮೂಡುತ್ತವೆ.

ಟಂಕಸಾಲೆಯ ತಪ್ಪು

ಬಿಲ್ಲೆ ಪಕ್ಕಕ್ಕೆ ಸರಿದರೆ ಚಿತ್ರ ಒಂದು ಕಡೆಗೆ ಬೀಳುತ್ತದೆ. ಇನ್ನೊಂದು ಕಡೆ ಬೋಳಾಗಿ ಉಳಿಯುತ್ತದೆ.

ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ.

ತಗಡಿನಲ್ಲಿ ಮೊದಲೇ ತೂತಾದ ಕಡೆ ಬಿಲ್ಲೆ ಕತ್ತರಿಸಿದರೆ ಅಂಚು ಕಚ್ಚಿದ ಹಾಗಿರುತ್ತದೆ. ಅಲ್ಲಿ ಅಕ್ಷರ ನಿಧಾನವಾಗಿ ಮಾಸುತ್ತಾ ಹೋಗುತ್ತದೆ. ಅದರ ನೇರ ಎದುರಿನ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ.

ಆಮೇಲಿನ ಪೆಟ್ಟು

ಗೀರು ಬಿದ್ದರೆ ಗೆರೆ ತಗ್ಗಾಗಿರುತ್ತದೆ. ಉಗುರು ಆಡಿಸಿದರೆ ತಿಳಿಯುತ್ತದೆ.

ಸುತ್ತಿಗೆ ಏಟು ಬಿದ್ದರೆ ಅಕ್ಷರ ಚಪ್ಪಟೆಯಾಗುತ್ತದೆ.

ರೈಲಿನ ಗಾಲಿ ಹರಿದರೆ ನಾಣ್ಯ ತೆಳ್ಳಗಾಗಿ ಅಗಲವಾಗುತ್ತದೆ.

ಅರದಿಂದ ತಿಕ್ಕಿದರೆ ಅಂಚಿನಲ್ಲಿ ಅರದ ಗೀರು ಉಳಿಯುತ್ತದೆ. ಅಕ್ಷರ ಕೊನೆಯವರೆಗೂ ಸ್ಪಷ್ಟವಾಗಿದ್ದು, ತಟ್ಟನೆ ತುಂಡಾಗುತ್ತದೆ.

ಅಕ್ಕ ನಾಣ್ಯವನ್ನು ಬಿಸಿಲಿಗೆ ಹಿಡಿದಳು. ಎದುರಿನ ಅಂಚು ಚೆನ್ನಾಗಿಯೇ ಇತ್ತು. ಕಚ್ಚಿದ ಕಡೆ ಅಕ್ಷರ ತಟ್ಟನೆ ತುಂಡಾಗಿತ್ತು. ಗೀರುಗಳೂ ಕಂಡವು.

"ಇದು ಟಂಕಸಾಲೆಯ ತಪ್ಪಲ್ಲ ಕಣಪ್ಪಾ. ಯಾರೋ ಅರ ಹಾಕಿದ್ದಾರೆ" ಅಂದಳು. ಅವನು ಮಾತಾಡದೆ ಹೋದ. ಅಕ್ಕನ ಐನೂರು ರೂಪಾಯಿ ಉಳಿಯಿತು.

ಎಚ್ಚರ!

ಟಂಕಸಾಲೆಯ ತಪ್ಪಿದ್ದ ನಾಣ್ಯಕ್ಕೆಲ್ಲ ಲಕ್ಷ ಸಿಗುವುದಿಲ್ಲ. ಕೊಳ್ಳುವವರು ಇದ್ದರೆ ಮಾತ್ರ ಬೆಲೆ. ಹಳೆ ನಾಣ್ಯ ಮಾರಿಸಿಕೊಡುತ್ತೇವೆ ಎಂದು ಕೆಲವರು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್, ತೆರಿಗೆ ಕೇಳುತ್ತಿದ್ದರು. ಅಂಥವರನ್ನು ನಂಬಬೇಡಿ ಎಂದು 2021ರ ಆಗಸ್ಟ್ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಜನರಿಗೆ ತಿಳಿಸಿತು. ಆ ಬ್ಯಾಂಕು ಇಂಥ ವ್ಯಾಪಾರ ಮಾಡುವುದಿಲ್ಲ. ಅದಕ್ಕೆ ಹಣವನ್ನೂ ಕೇಳುವುದಿಲ್ಲ.

ಮೊದಲು ನಾಣ್ಯ ನೋಡಿ. ಮುಂಗಡ ಕೇಳಿದರೆ ಕೊಡಬೇಡಿ.

ಹೇಳಿ, ಬರೆಯಿರಿ

1. ಉಬ್ಬಿದ ಗೆರೆ ಯಾವುದರ ಗುರುತು? ತಗ್ಗಾದ ಗೆರೆ ಯಾವುದರ ಗುರುತು?

2. ಅಕ್ಕ ನಾಣ್ಯದಲ್ಲಿ ಏನೇನು ನೋಡಿದಳು?

3. ನಿಮ್ಮ ಹತ್ತಿರ ಇರುವ ಒಂದು ನಾಣ್ಯದ ಇಸವಿ ಓದಿ ಬರೆಯಿರಿ. ಇಸವಿಯ ಕೆಳಗೆ ನಕ್ಷತ್ರ ಇದೆಯೇ? ಇದ್ದರೆ ಅದು ಹೈದರಾಬಾದಿನ ನಾಣ್ಯ.